ಮ್ಯಾಚಿಂಗ್ ಕಾಕಾ ತಪ್ಪಿದ ಒಂದ ಬಣ್ಣ

ಪಾರ್ಸಲ್ಲಿನ ಬಾಯಿ ಕತ್ತರಸಿದ ಕೂಡಲೇ ಹೊಸಾ ಬಟ್ಟಿಯ ಗಂಜಿ ವಾಸನಿ ಮೂಗಿಗೆ ಬಡೀತು. ಗಜೇಂದ್ರಗಡದಾಗ ಕುಬಸ, ಬ್ಲೌಸ್ ಹೊಲ್ಯಾಕ ಹತ್ತಿ ನನಗ ಮೂವತ್ತು ವರ್ಷ ಆತು, ಗಂಜಿ ವಾಸನಿ ಹೊಸಾದೇನಲ್ಲ. ಆದರ ಈಗೀಗ ಬಟ್ಟಿ ಬರೇ ಪ್ಲಾಸ್ಟಿಕ್ ವಾಸನಿ ಹೊತಗೊಂಡ ಬರತಾವ. ಭಾಳ ದಿನಕ್ಕ ಖರೇ ಗಂಜಿ ವಾಸನಿ ಬಂದದ್ದ ತಡ, ಬಜಾರದಾಗಿನ ಆ ಸಣ್ಣ ಅಂಗಡಿ ಕಣ್ಣಿಗೆ ಕಟ್ಟಿತು. ಸೀರಿಗೆ ಹೊಂದೂ ಬ್ಲೌಸ್ ಬಟ್ಟಿ ಮಾರತಿದ್ದ ನಮ್ಮ ಮ್ಯಾಚಿಂಗ್ ಕಾಕಾನ ಅಂಗಡಿ...

ಈ ಪಾರ್ಸಲ್ ತರಿಸಿದಾಕಿ ನನ್ನ ಮಗಳು. ರೋಣದ ಕಾಲೇಜಿನಾಗ ಕಂಪ್ಯೂಟರ್ ಕಲೀತಾಳ. ಸೀರಿ ಫೋಟೋ ಹೊಡದ ಹಾಕಿದರ ಅದಕ್ಕ ಹೊಂದೂ ಬ್ಲೌಸ್ ಪೀಸ್ ಹುಡಿಕಿ ತೋರಸೂ ಆ್ಯಪ್ ಒಂದನ್ನ ನನ್ನ ಫೋನಿನಾಗ ಹಾಕಿಕೊಟ್ಟಾಳ. ಅದರಾಗ ಲಕ್ಷಗಟ್ಟಲೆ ಬಟ್ಟಿ ಫೋಟೋ ಅದಾವಂತ.

"ಲಕ್ಷನೂ ಒಂದೊಂದ ತಗದ ನೋಡತೈತೇನ?" ಅಂದೆ.

"ಇಲ್ಲವ್ವಾ. ಎಲ್ಲಾ ಫೋಟೋನೂ ಅಂಕಿ ಸಾಲು ಮಾಡಿ ಇಟ್ಟಿರತೈತಿ. ಒಂದರಂಗ ಒಂದ ಇದ್ದವನ್ನ ಬಾಜೂ ಬಾಜೂ ಜೋಡಿಸಿರತೈತಿ. ಹುಡುಕೂ ಮುಂದ ಒಂದ ಕಡೆ ಹೊಕ್ಕು, ಅದರ ಬಾಜೂಕಿಂದು, ಅದಕಿಂತ ಹತ್ತರದ್ದು, ಹಿಂಗ ಹೋಗಕೋತ ಹೋಗತೈತಿ. ಇನ್ನೂ ಹತ್ತರದ್ದ ಸಿಗವಲ್ದು ಅಂದಾಗ ನಿಂದರತೈತಿ."

ನಾನು ನಕ್ಕಬಿಟ್ಟೆ. ಅಯ್ಯ ನನ್ನವ್ವಾ, ಇದನ್ನ ಕಲ್ಯಾಕ ಕಾಲೇಜಿಗೆ ಹೋಗಬೇಕೇನ! ನಾಲ್ಕನೇತ್ತಕ್ಕ ಸಾಲಿ ಬಿಟ್ಟ ನಮ್ಮ ಕಾಕಾ ಇದನ್ನ ದಿನಾ ಮಾಡತಿದ್ದ.

ಅಂಗಡಿ ಅಂದರ ಎರಡ ಹಾಸಗಿ ಹಾಸುವಷ್ಟ ಜಾಗ. ಮೂರೂ ಗ್ವಾಡಿಗೆ ತೊಲಿ ಮುಟ್ಟೂ ಮಟಾ ಥಾನು, ಅಂದರ ಸುತ್ತಿಟ್ಟ ಬಟ್ಟಿ. ಬ್ಯಾರೆ ಅಂಗಡಿಯವರು ಕೆಂಪು ಒಂದ ಕಡೆ, ಹಸರು ಒಂದ ಕಡೆ ಅಂತ ಖಾನೆ ಮಾಡತಿದ್ರು. ಕಾಕಾಗ ಅದು ಸೇರತಿದ್ದಿಲ್ಲ. "ಹಸರು ಅಂತ ಖಾನೆ ಮಾಡಿದರ ನೂರ ಹಸರು ಬಂದ ಕುಂಡ್ರತಾವ ಬೇಟಿ, ಆಮ್ಯಾಲ ಆ ನೂರರಾಗ ಹುಡುಕಾವ್ರ ಯಾರು?" ಅಂತಿದ್ದ. ಹೊಸಾ ಥಾನು ಬಂತಂದರ ಅದನ್ನ ಬಗಲಾಗ ಇಟಗೊಂಡ ಅಂಗಡಿ ತುಂಬ ಅಡ್ಡ್ಯಾಡಾಂವ. ಯಾವುದರ ಬಾಜೂಕ ಇಟ್ಟರ ಜಗಳ ಆಡಂಗಿಲ್ಲೋ ಅಲ್ಲೇ ಅದರ ಜಾಗ.

ನಾವು ಸೀರಿ ತಗೊಂಡ ಹೋದರ ಮೊದಲ ಒಂದ ಥಾನು ಎಳದು ಸೆರಗಿನ ಮ್ಯಾಲ ಒಗೀತಿದ್ದ. ಅದು ಕೂಡಲಿಲ್ಲಂದರ ಅದರ ಬಾಜೂಕಿಂದು, ಆಮ್ಯಾಲ ಅದರ ಮ್ಯಾಲಿಂದು... ಐದಾರ ಸಲಕ್ಕ ಬಂದ ಮುಟ್ಟತಿದ್ದ. ಕಡೀಗೆ ಎರಡೂ ಎತಗೊಂಡ ಹೊರಗ ಕಟ್ಟಿ ಮ್ಯಾಲ ಬಿಸಲಿಗೆ ಬಂದು ನೋಡಾಂವ. ಟ್ಯೂಬ್‌ಲೈಟಿನ ಬೆಳಕ ನಂಬತಿದ್ದಿಲ್ಲ. ಬಿಸಲಾಗ ಒಪ್ಪಿದ ಮ್ಯಾಲನ ಕತ್ತರಿ ಹಚ್ಚತಿದ್ದ.

ಸೊಕ್ಕೂ ಹಂಗ ಇತ್ತು. "ನನ್ನ ಕೈಯಾಗ ಬಣ್ಣ ತಪ್ಪಂಗಿಲ್ಲ," ಅಂತ ದಿನಕ್ಕ ನಾಲ್ಕ ಸಲ ಅನ್ನಾಂವ. "ಹೌದ್ರಿ ಕಾಕಾ, ಸಂಜಿಕೆ ನಿಮ್ಮ ಕಣ್ಣಿಗೆ ದೃಷ್ಟಿ ತಗೀತೀವಿ ತಗೋರಿ," ಅಂತ ನಾವು ಟೇಲರ್ ಹೆಣ್ಮಕ್ಕಳು ಚಾಷ್ಟಿ ಮಾಡತಿದ್ವಿ.

ತಪ್ಪಿದ್ದು ಒಂದ ಸಲ. ಅಸೂಟಿಯಿಂದ ಒಂದ ಮನಿಯವರು ಲಗ್ನದ ಜವಳಿಗೆ ಬಂದಿದ್ರು. ಲಗ್ನದಾಗ ಮನಿ ಹೆಣ್ಮಕ್ಕಳೆಲ್ಲಾ ಒಂದ ಥಾನಿನ ಕುಬಸಾ ತೊಡೂದು ಅವರ ಪದ್ಧತಿ. ಬದನಿಕಾಯಿ ಬಣ್ಣದ ಇಲಕಲ್ ಸೀರಿಗೆ ಐದ ಮಂದಿಗೆ ಬೇಕಾಗಿತ್ತು. ಅವತ್ತ ಮುಂಜಾನಿಂದ ಜಿಟಿಜಿಟಿ ಮಳಿ, ಬಿಸಲ ಎಲ್ಲಿಂದ ತರೂದು? ಕಾಕಾ ಒಳಗ ನೋಡಿ ಕತ್ತರಸಿ ಕೊಟ್ಟ. ವಾರದ ಮ್ಯಾಲ ಅವರು ತಮ್ಮೂರಾಗ ಹೊಲಿಸಿದ ಕುಬಸಾ ಹಿಡಕೊಂಡ ತಿರಗಿ ಬಂದ್ರು. ನಾನು ಅಲ್ಲೇ ಇದ್ದೆ. ಬಿಸಲಾಗ ಅದು ಬದನಿಕಾಯಿ ಇರಲಿಲ್ಲ, ಒಣಗಿದ ನೀರಲಹಣ್ಣಿನಂಗ ಮಂಕಾಗಿತ್ತು. ಆದರ ಕಾಕಾ ಒಪ್ಪಲಿಲ್ಲ. "ಬಣ್ಣ ಸರಿ ಐತಿ, ನಿಮ್ಮ ಕಣ್ಣ ತಪ್ಪ್ಯಾವ," ಅಂದಬಿಟ್ಟ. ಆ ಮನಿ ಯಜಮಾನ ನನ್ನ ಕಡೆ ತಿರಗಿ, "ನೀವರೆ ಹೇಳ್ರಿ ಅಕ್ಕಾರ," ಅಂದ. ನಾನು ಗುಂಡಿ ಆರಸಕೋತ ತೆಳಗ ನೋಡಿದೆ. ಆ ಯಜಮಾನ ಕುಬಸಾ ತಿರಗಿ ಹಿಡಕೊಂಡ, ತನ್ನ ಮನಿ ಹೆಣ್ಮಕ್ಕಳ ಮುಂದ ಮಾರಿ ಸಣ್ಣದ ಮಾಡಕೊಂಡ ಹೋದ ಪಾಪ.

ಆ ಥಾನು ಬಿಚ್ಚಿದ್ದ ಅವರಿಗಂತ; ಉಳದದ್ದನ್ನ ಕಾಕಾ ಮುಂದ ಯಾರಿಗೂ ಮಾರಲಿಲ್ಲ. ಯಾವುದರ ಬಾಜೂಕ ಇಟ್ಟರೂ ಅದು ಹೊಂದಲಿಲ್ಲ. ಕಡೀಗೆ ತಾನು ಕುಂಡ್ರೂ ಗಾದಿ ಬುಡಕ ತುರುಕಿದ.

ಅದಾಗಿ ಏಳೆಂಟ ವರ್ಷಕ್ಕ, ಒಂದ ಮುಂಜಾನಿ ನಾನು ಬಾಗಲಾ ತಗಿಯೂದರಾಗ ನನ್ನ ಅಂಗಡಿ ಕಟ್ಟಿ ಮ್ಯಾಲ ಒಬ್ಬಾಕಿ ವಯಸ್ಸಾದ ಆಯಿ ಕುಂತಿದ್ಲು. ಊರ ಕೇಳಿದರ "ಮನಿಗೆ ಹೋಗಬೇಕವ್ವಾ" ಅಂತಾಳ. ಹೆಸರ ಕೇಳಿದರೂ ಅದ. ಮಗನ ಹೆಸರ ಕೇಳಿದರ ನಗತಾಳ. ಒಬ್ಬರು ರಾಜೂರಾಕಿ ಇರಬೇಕು ಅಂದ್ರು, ಇನ್ನೊಬ್ಬರು ಲಕ್ಕಲಕಟ್ಟಿಯಾಕಿ ಅಂದ್ರು. ಆಟೋದವರು ಎರಡೂ ಊರಿಗೆ ಹೋಗಿ ಕೇಳಿ ಬಂದ್ರು. ಯಾರೂ ನಮ್ಮಾಕಿ ಅನಲಿಲ್ಲ. ಪೊಲೀಸರು ಬಂದ ನೋಡಿ, ಸಂಜಿ ಮಟಾ ಯಾರೂ ಬರದಿದ್ದರ ದೂರದ ಒಂದ ಆಶ್ರಮಕ್ಕ ಕಳಸತೀವಿ ಅಂದ್ರು. ಅವರರೆ ಏನ ಮಾಡ್ಯಾರು? ಆದರ ಅಲ್ಲಿಗೆ ಹೋದ ಮ್ಯಾಲ, ಹೆಸರ ಗೊತ್ತಿಲ್ಲದಾಕಿನ್ನ ಮನಿಯವರು ಎಲ್ಲೆಂತ ಹುಡುಕತಾರ? ಆಕಿ ಮಾತ್ರ ಚಾ ಕುಡದು, ನನ್ನ ಮಿಷನ್ ನೋಡಕೋತ ಆರಾಮ ಕುಂತಿದ್ಲು.

ಮಧ್ಯಾಹ್ನ ಕಾಕಾ ಬಂದ. ಆಕಿ ಉಟ್ಟ ಸೀರಿ ನೋಡಿ, "ಇಂಥಾವು ಮನಿಗೊಂದ ಅದಾವ, ಇದರಾಗ ಗುರುತ ಸಿಗಂಗಿಲ್ಲ," ಅಂದ. ಆಮ್ಯಾಲ ಕುಬಸಾ ನೋಡಿದ. ನೋಡಕೋತನ ನಿಂತ.

"ಬೇಟಿ, ಆ ತೋಳಿನ ಮಡಿಕಿ ಬಿಚ್ಚು."

ಆಯಿಗೆ ಕೇಳಿ, ನಾಲ್ಕ ಹೊಲಗಿ ಬಿಚ್ಚಿದೆ. ಹೊರಗಿನ ಬಣ್ಣ ತೊಳದ ತೊಳದ ಹೋಗಿತ್ತು. ಮಡಿಕಿ ಒಳಗಿಂದು ಮಾತ್ರ ನಿನ್ನಿ ಕತ್ತರಸಿದಂಗ ಇತ್ತು. ಕಾಕಾ ಅಂಗಡಿಗೆ ಹೋಗಿ ಗಾದಿ ಬುಡಕಿನ ಥಾನು ಎಳಕೊಂಡ ಬಂದ. ಅಷ್ಟ ಮಂದಿ ಎದರಿಗೆ, ನಡ ಬಜಾರದ ಬಿಸಲಾಗ ಎರಡೂ ಕೂಡಿಸಿ ಹಿಡದ. ಒಂದ.

"ಈಕಿ ಅಸೂಟಿಯಾಕಿ," ಅಂದ. "ಇದು ನಾನು ತಪ್ಪಿ ಕೊಟ್ಟ ಬಣ್ಣ. ಐದ ಕುಬಸಕ್ಕ ಕೊಟ್ಟೇನಿ. ಆರನೇದ್ದು ಎಲ್ಲೂ ಇಲ್ಲ."

"ಏನ್ರಿ, ಕಾಕಾನೂ ತಪ್ಪತಾನೇನು?" ಅಂತ ಯಾರೋ ಕುಶಾಲಕ್ಕ ಅಂದ್ರು.

"ತಪ್ಪಿದ್ದೆ. ಮ್ಯಾಲ ಸುಳ್ಳೂ ಹೇಳಿದ್ದೆ." ಕಾಕಾನ ಕಿವಿ ಎರಡೂ ಕೆಂಪಾಗಿದ್ವು.

ನನಗ ಆಗ ತಿಳೀತು. ಸರಿಯಾಗಿ ಕೂಡಿದ ಸೀರಿ ಕುಬಸಾ ಊರೂರಿಗೂ ಇದ್ವು, ಅವುಗಳಿಂದ ಯಾರ ಮನೀನೂ ಸಿಗತಿದ್ದಿಲ್ಲ. ತಪ್ಪಿ ಕೂಡಿದ್ದು ಆ ಒಂದ ಮನ್ಯಾಗ ಮಾತ್ರ ಇತ್ತು.

ಪೊಲೀಸರಿಗೆ ಹೇಳಿ, ನಾನೂ ಕಾಕಾನೂ ಆಕಿನ್ನ ಕರಕೊಂಡ ರೋಣದ ಬಸ್ ಹತ್ತಿದ್ವಿ, ಮುಂದ ಟಂಟಂ ಗಾಡಿ. ಅಲ್ಲೂ ನಮ್ಮಾಕಿ ಅಲ್ಲಾ ಅಂದರ ಏನ ಗತಿ ಅಂತ ನಾನು ದಾರಿ ತುಂಬ ಆಯಿ ಮಾರಿ ನೋಡಕೋತ ಕುಂತಿದ್ದೆ. ಅಸೂಟ್ಯಾಗ ಇಳದ ಕೂಡಲೇ ಆಯಿ ನಮ್ಮನ್ನ ಬಿಟ್ಟು ಸರಸರ ನಡದಬಿಟ್ಲು. ಒಂದ ಮನಿ ಬಾಗಲಾಗಿಂದ ಸೊಸಿ "ಅತ್ತೀ!" ಅಂತ ಓಡಿ ಬಂದು ತೆಕ್ಕಿಗೆ ಹಾಕ್ಕೊಂಡು ಗೊಳೋ ಅಂತ ಅತ್ತಳು. ಎರಡ ದಿನದಿಂದ ನರಗುಂದದ ಮಟಾ ಹುಡುಕಾಡಿದ್ರಂತ. ನನಗೂ ಕಣ್ಣೀರ ನಿಂದರಲಿಲ್ಲ.

ಯಜಮಾನ ಕಾಕಾನ್ನ ನೋಡಿ ಗುರುತ ಹಿಡದ. ಕಾಕಾ ಕೈ ಮುಗದು, "ಅವತ್ತ ನಂದ ತಪ್ಪಾಗಿತ್ರಿ," ಅಂದ.

"ಬಿಡ್ರಿ ಕಾಕಾ. ಆ ತಪ್ಪಿನಿಂದನ ನಮ್ಮವ್ವ ಸಿಕ್ಕಳಲ್ರಿ."

"ಅದು ಬ್ಯಾರೆ, ಇದು ಬ್ಯಾರೆ. ತಪ್ಪು ತಪ್ಪರಿ."

ತಿರಗಿ ಬರೂ ಮುಂದ ಬಸ್ಸಿನಾಗ ನನ್ನ ಕೇಳಿದ. "ಅವತ್ತ ನಿನಗೂ ಕಂಡಿತ್ತು, ಹೌದಿಲ್ಲೊ?"

"ಹೌದ್ರಿ."

"ಯಾಕ ಹೇಳಲಿಲ್ಲ?"

ಕಾಕಾ ಉತ್ತರಕ್ಕ ಕಾಯಲಿಲ್ಲ. "ಇನ್ನ ಮುಂದ ನನ್ನ ಬಣ್ಣ ತಪ್ಪಿದರ ಮಾರಿ ಮ್ಯಾಲ ಹೇಳು. ಆಣಿ ಮಾಡು," ಅಂದ. ಮಾಡಿದೆ.

ಮುಂದ ಕಾಕಾಗ ಸಕ್ಕರಿ ಬ್ಯಾನಿ ಬಂತು, ಕಣ್ಣ ಮಂಜಾದ್ವು. ದವಾಖಾನಿಗೆ ಅಡ್ಡ್ಯಾಡಿದರೂ ಅಷ್ಟ. ಜಾಗದ ಗುರುತಿನ ಮ್ಯಾಲ ಥಾನು ತಗದ ಕೊಡತಿದ್ದ. ಬಿಸಲಿಗೂ ಬರತಿದ್ದ, ಆದರ ಬಿಸಲ ತಗೊಂಡ ಏನ ಮಾಡಾಂವ? ಗಿಳಿ ಹಸರ ಕೇಳಿದರ ಎಲಿ ಹಸರ ಕೊಡಾಂವ. "ಸರಿ ಐತಿಲ್ಲ ಬೇಟಿ?" ಅಂತಿದ್ದ. "ಸರಿ ಐತ್ರಿ ಕಾಕಾ," ಅಂತ ತಗೊಂಡ ಬಂದು, ಬ್ಯಾರೆ ಅಂಗಡ್ಯಾಗ ಮತ್ತ ಸರಿಯಾದದ್ದ ತರತಿದ್ದೆ. ಎಲ್ಲಾ ಟೇಲರ್‌ಗಳೂ ಹಂಗ ಮಾಡಿದ್ರು. ಪುಣ್ಯೇದ ಕೆಲಸ ಮಾಡಾಕ ಹತ್ತೀವಿ ಅಂತ ತಿಳಕೊಂಡಿದ್ವಿ. ಕಡೆ ಕಡೀಗೆ ಕಾಕಾ ಎರಡೆರಡ ಸಲ ಕೇಳತಿದ್ದ. ಮೊದಲ ಒಂದ ಸಲನೂ ಕೇಳಾಂವ ಅಲ್ಲ... ಹೋದ ರಂಜಾನ್ ಮುಂದ ತೀರಿಕೊಂಡ.

ಪಾರ್ಸಲ್ಲಿನ ಬಟ್ಟಿ ಹೊರಗ ತಗೊಂಡ ಹೋಗಿ ಸೀರಿ ಮ್ಯಾಲ ಹಾಸಿದೆ. ಬಣ್ಣ ಒಂದ ನೂಲಷ್ಟ ತಿಳಿ ಬಿದ್ದಿತ್ತು. ಮಗಳು ಫೋನ್ ಮುಂದ ಹಿಡದು, "ಹೊಂದೇತೋ ಇಲ್ಲೋ ಅಂತ ಕೇಳಾಕ ಹತ್ತೇತಿ ನೋಡವ್ವಾ. ಇಲ್ಲ ಅಂತ ಒತ್ತು. ಹೇಳಿದರ ಅದು ತಿದ್ದಿಕೊಳ್ಳತೈತಿ," ಅಂದ್ಲು.

ಒತ್ತಿದೆ. ಒಂದ ಬೆರಳಿನ ಕೆಲಸ, ಯಾರಿಗೂ ಬ್ಯಾಸರ ಇಲ್ಲ. ಕಾಕಾ ಎರಡೆರಡ ಸಲ ಕೇಳಿದಾಗ, ಆಣಿ ಮಾಡಿದ್ದ ನಾನು ಒಂದ ಸಲನೂ ಇಲ್ಲ ಅನಲಿಲ್ಲ.