ತೊಗಲು ಹೇರಿದ ಲಾರಿ

ಮಗಳು ಹುಟ್ಟಿದಾಗ ನಾನು ಮುಂಬಯಿಯಲ್ಲಿ ಹತ್ತಿ ಇಳಿಸುತ್ತಿದ್ದೆ. ದೊಡವಾಡಕ್ಕೆ ಬರುವಷ್ಟರಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವೂ ಮುಗಿದಿತ್ತು. ಹೆಂಡತಿ ಜಗಳವಾಡಲಿಲ್ಲ, ಇನ್ನು ಮೇಲೆ ಹತ್ತಿರದ ಬಾಡಿಗೆ ಹಿಡಿಯಿರಿ ಎಂದಳು, ಅಷ್ಟೆ. ಎಪ್ಪತ್ತರ ದಶಕದ ನಡುವಿನ ಮಾತು. ಲಾರಿ ಹಳೆಯದಾದರೂ ನನ್ನದೇ, ಯಾರನ್ನೂ ಕೇಳಬೇಕಾಗಿರಲಿಲ್ಲ. ಆಗಲಿ ಎಂದೆ.

ಹೋಗುವಾಗ ಹೇರಲು ಏನಾದರೂ ಸಿಗುತ್ತಿತ್ತು: ರಾಮದುರ್ಗಕ್ಕೆ ಗೊಬ್ಬರ, ಸವದತ್ತಿಗೆ ಸಿಮೆಂಟು. ತಿರುಗಿ ಬರುವುದೇ ಕಷ್ಟ. ಖಾಲಿ ಬಂದರೆ ಡೀಸೆಲ್ಲಿಗಷ್ಟೇ ದುಡಿದಂತೆ. ರಾಮದುರ್ಗದ ಪೇಟೆಯಲ್ಲಿ ಅಂಗಡಿ ಅಂಗಡಿ ಕೇಳುತ್ತ ತಿರುಗುತ್ತಿದ್ದೆ. ಅವರು ಊರು ಕೇಳುತ್ತಿದ್ದರು, ಆಮೇಲೆ ಓಣಿ ಕೇಳುತ್ತಿದ್ದರು. ಓಣಿ ಗೊತ್ತಾದ ಮೇಲೆ ಮಾಲು ಇಲ್ಲವಾಗುತ್ತಿತ್ತು.

ಒಂದು ಸಲ ಅಲ್ಲಿನ ಚರ್ಮದ ವ್ಯಾಪಾರಿ ತಾವಾಗಿಯೇ ಕರೆದು, ಒಣಗಿದ ತೊಗಲು ಬೈಲಹೊಂಗಲಕ್ಕೆ ಒಯ್ಯುತ್ತೀಯಾ ಎಂದರು. ಎರಡು ಲಾರಿಯ ಮಾಲು. ಒಂದು ನನ್ನದು, ಇನ್ನೊಂದು ಕಿತ್ತೂರು ಕಡೆಯ ಡ್ರೈವರನದು. ಇಬ್ಬರೂ ಕೂಡಿಯೇ ಬಂದೆವು. ಮಾಲು ಇಳಿಸಿ, ಹಳ್ಳಕ್ಕೆ ಹೋಗಿ ಲಾರಿ ತೊಳೆದೆವು. ನಾನು ಸೋಡಾ ಹಾಕಿ ಹಲಗೆಗಳನ್ನೆಲ್ಲ ತಿಕ್ಕಿದೆ. ಅವನು ನಾಲ್ಕು ಕೊಡ ನೀರು ಸುರಿದು ಹೋದ.

ಕೆಲವು ದಿನಕ್ಕೆ ಕಿತ್ತೂರಿಗೆ ಹೆಂಚು ಒಯ್ದೆ. ಅಲ್ಲಿನ ಬೆಲ್ಲದ ಸಾವಕಾರರಿಗೆ ಸವದತ್ತಿಗೆ ಹೋಗುವ ಗಾಡಿ ಬೇಕಾಗಿತ್ತು. ಹಮಾಲರು ಅರ್ಧ ಹೇರಿದ್ದರು. ಯಾರೋ ಬಂದು ಸಾವಕಾರರ ಕಿವಿಯಲ್ಲಿ ಏನೋ ಹೇಳಿದರು. ಸಾವಕಾರರು ಎಲ್ಲ ಇಳಿಸಲು ಹೇಳಿದರು.

"ಈ ಗಾಡ್ಯಾಗ ತೊಗಲು ಹೇರಿದ್ಯಂತ. ಬೆಲ್ಲ ತಿನ್ನೂ ಮಾಲು."

ತೊಳೆದಿದ್ದೇನೆ, ಹಲಗೆ ಮೂಸಿ ನೋಡಿ ಎಂದೆ. ಅವರು ಹತ್ತಿರ ಬರಲಿಲ್ಲ. ಇಳಿಸಿದ ಬೆಲ್ಲವನ್ನು ಹಮಾಲರು ಪಕ್ಕದ ಲಾರಿಗೆ ಹೇರತೊಡಗಿದರು. ನೋಡಿದರೆ ನನ್ನ ಜೊತೆ ಹಳ್ಳದಲ್ಲಿ ತೊಳೆದವನದೇ ಲಾರಿ. ಅವನು ಬೀಡಿ ಹಚ್ಚಿ ಆ ಕಡೆ ಮುಖ ಮಾಡಿದ.

"ಅವರೂ ನನ್ನ ಕೂಡನ ತೊಗಲು ಹೇರ್ಯಾರಲ್ರಿ, ಸಾವಕಾರ್ರ."

"ಅವರ ಮಾತು ಬ್ಯಾರೆ. ನಿನಗ ಬಿಡಿಸಿ ಹೇಳಬೇಕೇನು?"

ಬೇಕಿರಲಿಲ್ಲ. ನನ್ನ ಲಾರಿಯಲ್ಲಿ ಇಷ್ಟು ಹೊತ್ತು ಇದ್ದ ಬೆಲ್ಲವನ್ನು ಮಾತ್ರ ಯಾರೂ ಹೊರಗೆ ಚೆಲ್ಲಲಿಲ್ಲ.

ಖಾಲಿ ಲಾರಿಯಲ್ಲೇ ಮನೆಗೆ ಬಂದೆ. ಚರ್ಮದ ವ್ಯಾಪಾರಿ ಹೇಳಿಕಳಿಸಿದ್ದರು, ಪ್ರತಿ ವಾರ ಮಾಲು ಕೊಡುತ್ತಾರಂತೆ. ಹತ್ತಿರದ ಬಾಡಿಗೆ, ಎರಡನೆಯ ದಿನಕ್ಕೆ ಮನೆ. ಹೆಂಡತಿಯ ಮುಖ ಅರಳಿತು. ಅಪ್ಪ ಊಟದಿಂದ ಎದ್ದುಬಿಟ್ಟ. ಸತ್ತ ದನ ಹೊರುವ, ತೊಗಲು ಸುಲಿಯುವ ಕೆಲಸ ಬಿಟ್ಟು ಬೌದ್ಧನಾದವನು ಅವನು. ಅದಕ್ಕಾಗಿ ಊರವರ ಕೈಯಲ್ಲಿ ಹೊಡೆತ ತಿಂದಿದ್ದ, ಆಮೇಲೆ ರಸ್ತೆಯ ಕಲ್ಲು ಒಡೆದು ನಮ್ಮನ್ನು ಸಾಕಿದ್ದ.

"ಒಮ್ಮೆ ಹೇರಿದಿ, ಹೊಟ್ಟಿ ಸಲುವಾಗಿ ಅಂತ ಸುಮ್ಮನಿದ್ದೆ," ಎಂದ. "ವಾರಾ ವಾರಾ ಹೇರಿದ್ರ ನಾ ಬಿಟ್ಟಿದ್ದು ಏನು ಬಂತು?"

ವ್ಯಾಪಾರಿಗೆ ಬರುವುದಿಲ್ಲವೆಂದು ಹೇಳಿಕಳಿಸಿದೆ. ಹುಬ್ಬಳ್ಳಿಗೆ ಹೋಗಿ ಮತ್ತೆ ಮುಂಬಯಿ ಲೈನು ಹಿಡಿದೆ. ಅಲ್ಲಿ ಓಣಿ ಕೇಳುವವರು ಕಡಿಮೆ. ಹೆಂಡತಿ ಬುತ್ತಿ ಕಟ್ಟಿಕೊಟ್ಟು, ಕೂಸನ್ನೆತ್ತಿಕೊಂಡು ಒಳಗೆ ಹೋದಳು.

ಅಪ್ಪ ಹೇಳಿದ್ದು ಸರಿ ಎಂದು ನನಗೆ ಅಂದೇ ಗೊತ್ತಿತ್ತು. ಆದರೂ ಸಾವಕಾರರ ಮೇಲೆ ತೋರಿಸಲಾಗದ ಸಿಟ್ಟನ್ನು ಎಷ್ಟೋ ವರ್ಷ ಅವನ ಮೇಲೆಯೇ ಇಟ್ಟುಕೊಂಡಿದ್ದೆ.