ಜಪಾನಿ ಹೆಂಗಸಿನ ಹಣೆಯ ಕುಂಕುಮ

ನನ್ನ ಸೋದರತ್ತೆಯ ಬಲಗೈಯ ಉಂಗುರದ ಬೆರಳಿನ ತುದಿ ಸದಾ ಕೆಂಪಗಿರುತ್ತಿತ್ತು. ಕುಂಕುಮ ಹಚ್ಚಿ ಹಚ್ಚಿ ಆ ಬಣ್ಣ ಚರ್ಮದೊಳಗೇ ಇಳಿದುಬಿಟ್ಟಿತ್ತು. ಇಚಲಕರಂಜಿಯ ಶಹಾಪುರದಲ್ಲಿದ್ದ ಅವಳ ಮನೆಗೆ ಬಂದ ಯಾವ ಹೆಣ್ಣುಮಗಳೂ ಬರಿ ಹಣೆಯಲ್ಲಿ ಹೊಸ್ತಿಲು ದಾಟುವಂತಿರಲಿಲ್ಲ. ಕಾಯಿಪಲ್ಯ ಮಾರುವವಳಿರಲಿ, ನೀರು ಕೇಳಲು ಬಂದವಳಿರಲಿ, ಎಣ್ಣೆಯಲ್ಲಿ ಅದ್ದಿದ ಆ ಬೆರಳಿನಿಂದ ಒಂದು ಬೊಟ್ಟು ಬೀಳಲೇಬೇಕು. ನಾನು ಗಡಹಿಂಗ್ಲಜದಿಂದ ರಜೆಗೆ ಹೋದರೆ, ತೊಳೆದ ಮುಖ ಒರೆಸಿಕೊಳ್ಳುವುದರೊಳಗೆ ಹಿಡಿಯುತ್ತಿದ್ದಳು. "ಬರೇ ಹಣೀಲೆ ಅಡ್ಡಾಡಬ್ಯಾಡ ಯವ್ವಾ, ಮನೀ ಬಿಕೋ ಅಂತೈತಿ" ಎನ್ನುವಳು.

ಆ ಬೊಟ್ಟಿನಿಂದ ಜಪಾನಿನವಳೂ ತಪ್ಪಿಸಿಕೊಳ್ಳಲಿಲ್ಲ. ಅತ್ತೆಯ ಗಂಡ ಮತ್ತು ಮೈದುನ ಸೇರಿ ಮಗ್ಗದ ಶೆಡ್ಡು ನಡೆಸುತ್ತಿದ್ದರು. ಯಂತ್ರದ ಕೆಲಸಕ್ಕೆಂದು ಊರಿಗೆ ಬಂದಿದ್ದ ಜಪಾನಿನ ಎಂಜಿನಿಯರೊಬ್ಬ ಅತ್ತೆಯ ಕೈಯ ರೊಟ್ಟಿ ಉಂಡು ಖುಷಿಯಾಗಿ, ಹೋಗುವಾಗ ಅವಳ ಕೈಗೇ ಒಂದು ಚಿತ್ರ ಕೊಟ್ಟ. ಛತ್ರಿ ಹಿಡಿದ ಜಪಾನಿ ಹೆಂಗಸು. ಬೆಳ್ಳನೆಯ ಮುಖ, ಅಗಲವಾದ ಖಾಲಿ ಹಣೆ. ಅದಕ್ಕೆ ಚೌಕಟ್ಟು ಹಾಕಿಸುವ ಮೊದಲೇ ಖಂಡೇನವಮಿ ಬಂತು. ಆಯುಧಪೂಜೆಗೆಂದು ಮಗ್ಗಗಳಿಗೆಲ್ಲ ಕುಂಕುಮ ಹಚ್ಚುತ್ತ ಬಂದ ಅತ್ತೆ ಅದೇ ಬೆರಳನ್ನು ಚಿತ್ರದವಳ ಹಣೆಗೂ ಒತ್ತಿದಳು. "ಮುತ್ತೈದಿ ಕಂಡಂಗ ಕಾಣಬೇಕಲ್ಲ. ಗಂಡ ಎಲ್ಲೋ ಹಡಗಿನ್ಯಾಗ ಇರಬೇಕು" ಎಂದಳಂತೆ.

ಮುಂದೆ ಮಾವ ತೀರಿಕೊಂಡ. ಹೆಣ ಎತ್ತುವ ಮೊದಲೇ ಮೈದುನ ಹಿರಿಯ ಹೆಂಗಸರನ್ನು ಕರೆದು, "ರೂಢಿ ಪ್ರಕಾರ ಆಗ್ಲಿ" ಎಂದ. ಅವರು ಒದ್ದೆ ಬಟ್ಟೆಯಿಂದ ಅತ್ತೆಯ ಹಣೆ ಒರೆಸಿದರು. ಬಾಗಿಲ ಬಳಿ ನಿಂತು ನೋಡಿದ್ದೆ. ಪಾಲಾದಾಗ ಶೆಡ್ಡು, ಮನೆ ಎಲ್ಲ ಮೈದುನನಿಗೆ ಹೋಯಿತು. ಅತ್ತೆಗೆ ಹಿಂದಿನ ಒಂದು ಖೋಲಿ ಉಳಿಯಿತು. "ಆ ಜಪಾನಿ ಬಾಯೀನ್ನ ನೀವ ಇಟ್ಕೊಳ್ರಿ ವೈನಿ, ಜೋಡಿಗಿರ್ತಾಳ" ಎಂದು ಅವನು ಅತ್ತಿಗೆಯನ್ನು ನೋಡಿ ನಕ್ಕ. ಬೊಟ್ಟು ಇಡಿಸಿಕೊಳ್ಳಲು ಅತ್ತೆಯ ಹತ್ತಿರ ಯಾರೂ ಬರಲಿಲ್ಲ. ಬೆರಳಿನ ಕೆಂಪು ನಿಧಾನಕ್ಕೆ ಮಾಸಿತು.

ಇಂಥ ಚಿತ್ರಗಳಿಗೆ ಭಾರೀ ಬೆಲೆ ಬರುತ್ತದೆಂದು ಯಾರೋ ಮೊಬೈಲಿನಲ್ಲಿ ತೋರಿಸಿದ್ದೇ ತಡ, ಮೈದುನನಿಗೆ ಅತ್ತಿಗೆಯ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು. ಬೆಲ್ಲ ಇದ್ದಲ್ಲಿ ಇರುವೆ! ಖೋಲಿಗೆ ಹಣ್ಣು ಬಂತು, ಹಣ್ಣಿನ ಹಿಂದೆಯೇ ಮಾತೂ ಬಂತು. "ವೈನಿ, ಅದು ಮನೀ ಆಸ್ತಿ. ಕೊಲ್ಹಾಪುರದಾಗ ತಿಳಿದವರದಾರ, ತೋರಸೂಣು."

ಅತ್ತೆ ಒಪ್ಪಿದಳು. "ಆ ಜಪಾನದಾಂವ ಕೊಟ್ಟಿದ್ದು ಏನಂತ ನನಗೂ ತಿಳೀಬೇಕಾಗೈತಿ" ಎಂದು ನನ್ನನ್ನೂ ಜೊತೆಗೆ ಕರೆದಳು.

ಕೊಲ್ಹಾಪುರದ ಆ ಹಳೆಯ ಚಿತ್ರಗಳ ವ್ಯಾಪಾರಿ ಚೌಕಟ್ಟು ಬಿಚ್ಚಿ ಕಾಗದವನ್ನು ಬೆಳಕಿಗೆ ಹಿಡಿದ. ಬಣ್ಣ ಹಿಂಬದಿಗೂ ಇಳಿದಿತ್ತು. ಮರದ ಅಚ್ಚು ಒತ್ತಿದಲ್ಲಿ ಕಾಗದ ತಗ್ಗಾಗಿತ್ತು. ಪ್ರೆಸ್ಸಿನಲ್ಲಿ ಅಚ್ಚಾದ ಚಿತ್ರಕ್ಕೆ ಈ ಗುರುತು ಇರುವುದಿಲ್ಲವಂತೆ. "ಅಸ್ಸಲ್ ಆಹೆ", ಅಸಲಿಯೇ ಎಂದ. ಮೈದುನನ ಮುಖ ಅರಳಿತು. ಆದರೆ ವ್ಯಾಪಾರಿ ಹಣೆಯ ಮೇಲಿನ ಎಣ್ಣೆಗೆಂಪು ತೋರಿಸಿ ತಲೆ ಅಲ್ಲಾಡಿಸಿದ. ಈ ಕಲೆ ಇರುವ ತನಕ ಬೆಲೆ ಬಾರದು. ಮುಂಬೈಯಲ್ಲಿ ತೆಗೆಯುವವರಿದ್ದಾರೆ, ತೆಗೆಸಿದರೆ ತಾನೇ ಕೊಳ್ಳುವೆ ಎಂದ.

"ತಗಸ್ರಿ, ಇವತ್ತ ಕಳಸ್ರಿ" ಎಂದ ಮೈದುನ.

ಅತ್ತೆ ಎದ್ದು ಎರಡೂ ಕೈಯಿಂದ ಚಿತ್ರ ಎತ್ತಿಕೊಂಡಳು. "ನನ್ನ ಹಣೀದು ಒರಸಿಸಿದ್ರಿ, ಸುಮ್ನ ಕುಂತಿದ್ನಿ. ಇಕೀದು ಒರಸಾಕ ಬಿಡಂಗಿಲ್ಲ."

"ನಿಮ್ಮ ಕೈ ಹತ್ತಿದ್ದೆಲ್ಲಾ ಹಿಂಗ ಹಾಳ" ಎಂದ ಅವನು, ಅಂಗಡಿಯವನ ಎದುರಿಗೇ.

ಚೌಕಟ್ಟಿಗೆ ಮತ್ತೆ ಕೂರಿಸಿದ ಚಿತ್ರವನ್ನು ಬಸ್ಸಿನಲ್ಲಿ ಅತ್ತೆ ತೊಡೆಯ ಮೇಲಿಂದ ಇಳಿಸಲಿಲ್ಲ. "ಜಪಾನದಾಂವ ಛಲೋದ್ದ ಕೊಟ್ಟಿದ್ದ, ಹೌದಿಲ್ಲ?" ಎಂದು ಕೇಳಿದಳು. ಹೌದು ಎಂದೆ. ಇಳಿಯುವಾಗ ಅದನ್ನು ನನ್ನ ಕೈಗೆ ಕೊಟ್ಟು, "ನಿನ್ನ ಕಡೇನ ಇರ್ಲಿ, ಇಲ್ಲಿ ಉಳಿಯಂಗಿಲ್ಲ" ಎಂದಳು.

ಈ ಚಳಿಗಾಲದಲ್ಲಿ ಅತ್ತೆ ಹೋದಳು. ಹೆಣ ಕೂರಿಸಿ ಹಣೆಗೆ ವಿಭೂತಿ ಹಚ್ಚಿದರು. ನಾನು ಕುಂಕುಮದ ಭರಣಿ ಹಿಡಿದು ಮುಂದಾದರೆ ಮೈದುನ ಕೈ ಅಡ್ಡ ತಂದ. "ರೂಢಿ ಇಲ್ಲ" ಎಂದ. ಅವನ ರೂಢಿಗೆ ಬೆಂಕಿ ಬೀಳಲಿ. ಕಂಡವರಿಗೆಲ್ಲ ಬೊಟ್ಟು ಇಟ್ಟವಳು ತಾನು ಕುಂಕುಮವಿಲ್ಲದೆ ಮಣ್ಣಿಗೆ ಹೋದಳು. ಮಣ್ಣು ಕೊಟ್ಟು ಬರುವ ದಾರಿಯಲ್ಲೇ ಅವನು ನನ್ನ ಪಕ್ಕಕ್ಕೆ ಬಂದು ಕೇಳಿದ: "ಆ ಚಿತ್ರ ನಿನ್ನ ಕಡೆ ಐತೇನು? ಇನ್ನ ಯಾರ ಅಡ್ಡಿ ಇಲ್ಲ, ಮುಂಬೈಕ ಕಳಸೂಣು."

ಗಡಹಿಂಗ್ಲಜಕ್ಕೆ ಬಂದವಳೇ ಚೌಕಟ್ಟು ಬಿಚ್ಚಿದೆ. ಉಂಗುರದ ಬೆರಳನ್ನು ಎಣ್ಣೆಯಲ್ಲಿ ಅದ್ದಿ, ಕುಂಕುಮದಲ್ಲಿ ಹೊರಳಿಸಿ, ಅತ್ತೆ ಇಟ್ಟ ಬೊಟ್ಟಿನ ಮೇಲೆ ಒತ್ತಿದೆ. ಕಾಗದದ ಹಿಂಬದಿಗೆ ಕೆಂಪು ಇಳಿಯುವ ತನಕ ಒತ್ತಿ ಹಿಡಿದೆ. ಇನ್ನು ಇದನ್ನು ಯಾವ ಮುಂಬೈಯವರೂ ಒರೆಸಲಾರರು.