ಸಮುದ್ರದಲ್ಲಿ ಅದ್ದಿದ ಆರು ಸೀರೆ

ಕಳೆದ ವಾರ ನಮ್ಮ ಮನೆಯ ವಾಷಿಂಗ್ ಮಷೀನು ನಮ್ಮವರ ಮೂರು ಬಿಳಿ ಬನಿಯನ್ನುಗಳನ್ನು ಗುಲಾಬಿ ಮಾಡಿ ಹೊರಗೆ ಹಾಕಿತು. ಮಷೀನನ್ನು ಬೈಯುವ ಹಾಗಿಲ್ಲ. ಹೊಸ ಕೆಂಪಂಚಿನ ನೂಲಿನ ಸೀರೆಯನ್ನು ಅವುಗಳ ಜೊತೆ ತುರುಕಿದವಳು ನಾನೇ. ನಮ್ಮವರು ಗುಲಾಬಿ ಬನಿಯನ್ ಹಾಕಿಕೊಂಡು ಬೆಳಗಾವಿ ಸದಾಶಿವನಗರದ ಈ ಮನೆಯ ಕಟ್ಟೆಯ ಮೇಲೆ ಪೇಪರ್ ಓದುತ್ತಾ ಕುಳಿತರು, ಓಣಿಯ ಜನವೆಲ್ಲ ನೋಡಲಿ ಅಂತಲೇ. ನಿವೃತ್ತರಾದ ಮೇಲೆ ಆ ಕುರ್ಚಿ ಬಿಟ್ಟು ಅವರು ಎಲ್ಲಿಗೂ ಏಳುವುದಿಲ್ಲ. ಗೋವಾಕ್ಕಾದರೂ ಹೋಗಿ ಬರೋಣ ಎಂದು ಮೂರು ವರ್ಷದಿಂದ ಹೇಳುತ್ತಿದ್ದೇನೆ. ಟೀವಿಯಲ್ಲಿ ತೋರಿಸುತ್ತಾರಲ್ಲ ಎನ್ನುತ್ತಾರೆ.

ಇರಲಿ. ಸೀರೆಯನ್ನು ಬಕೆಟ್ಟಿಗೆ ಹಾಕಿ, ಎರಡು ಹಿಡಿ ಕಲ್ಲುಪ್ಪು ಸುರಿದು ಮುಚ್ಚಿಟ್ಟೆ. ತಾಸಿನ ಮೇಲೆ ಮುಚ್ಚಳ ತೆಗೆದಾಗ ಹಸಿ ನೂಲು, ಉಪ್ಪು ಕೂಡಿದ ವಾಸನೆ ಮೂಗಿಗೆ ಬಂತು ನೋಡಿ, ನಾನು ಬಚ್ಚಲಲ್ಲಿ ನಿಂತವಳು ನಿಂತಂತೆಯೇ ಹತ್ತೊಂಬತ್ತು ವರ್ಷದವಳಾದೆ.

ಎಪ್ಪತ್ತರ ದಶಕದ ಕೊನೆ. ನಮ್ಮೂರು ಖಾನಾಪುರ. ಕಾಲೇಜಿಗೆಂದು ಬೆಳಗಾವಿಗೆ ಬಂದು ವಡಗಾವಿಯಲ್ಲಿ ಅಪ್ಪನ ಅಕ್ಕ ಗಂಗತ್ತೆಯ ಮನೆಯಲ್ಲಿದ್ದೆ. ಅವಳ ಗಂಡ, ನಮ್ಮ ಮಾವ, ಸೀರೆ ನೇಯುವವರು. ಮುಂದಿನ ಖೋಲಿಯಲ್ಲಿ ಮಗ್ಗ, ಹಿಂದಿನದರಲ್ಲಿ ಸಂಸಾರ. ಬೆಳಗ್ಗೆ ಶುರುವಾದ ಮಗ್ಗದ ಸದ್ದು ದೀಪ ಹಚ್ಚುವ ತನಕ ನಿಲ್ಲುತ್ತಿರಲಿಲ್ಲ. ಅಮಾವಾಸ್ಯೆಗೊಂದೇ ದಿನ ಮಗ್ಗಕ್ಕೆ ಬಿಡುವು. ಅಂದೂ ಮಾವ ಅದರ ಪಕ್ಕದಲ್ಲೇ ಚಾಪೆ ಹಾಕಿ ಮಲಗುತ್ತಿದ್ದರು. ಅದನ್ನು ಯಾರಾದರೂ ಹೊತ್ತುಕೊಂಡು ಹೋದಾರು ಎಂಬ ಭಯವೋ ಏನೋ, ನನಗೆ ಗೊತ್ತಿಲ್ಲ.

ಅತ್ತೆಗೆ ಜೀವನದಲ್ಲಿ ಒಂದೇ ಆಸೆ, ಸಮುದ್ರ ನೋಡಬೇಕು. ಅದು ಸಣ್ಣ ಆಸೆ ಎನ್ನಬೇಡಿ. ಖಾನಾಪುರದಲ್ಲಿ ನಮ್ಮ ಮನೆ ರೈಲು ಹಳಿಯ ಬಾಜೂಕ್ಕೇ ಇತ್ತು. ಗೋವಾದ ಗಾಡಿ ಹೋದಾಗಲೆಲ್ಲ ಪರಕಾರ-ಲಂಗ ತೊಟ್ಟ ಹುಡುಗಿ ಗಂಗವ್ವ ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದಳಂತೆ. ಅವಳ ಗೆಳತಿ ಶಾಂತಾ ಅದೇ ಗಾಡಿ ಹತ್ತಿ ಮಡಗಾವಿಗೆ ಸೊಸೆಯಾಗಿ ಹೋದಳು. ತವರಿಗೆ ಬಂದಾಗಲೆಲ್ಲ ಒಂದು ಸಲ ಬಾ ಗಂಗೂ, ಬಾ ಗಂಗೂ ಎಂದು ಕರೆದು ಕರೆದು ಸೋತಳು. ಅತ್ತೆಗೆ ಐವತ್ತು ಹತ್ತಿರ ಬಂದಿತ್ತು. ಅವಳು ಕಂಡ ದೊಡ್ಡ ನೀರೆಂದರೆ ಮಳೆಗಾಲದ ಮಲಪ್ರಭೆ. ಮಾವನಿಗೆ ಹೇಳಿದರೆ, ಅಲ್ಲಿ ಏನೈತಿ, ನೀರು ತಾನೇ, ಎನ್ನುತ್ತಿದ್ದರು. ಗಂಡಸರೆಲ್ಲ ಈ ಮಾತನ್ನು ಯಾವ ಸಾಲಿಯಲ್ಲಿ ಕಲಿಯುತ್ತಾರೋ.

ಹೀಗಿರುವಾಗ ಪೇಟೆಯ ವ್ಯಾಪಾರಿ ಆರು ಸೀರೆ ವಾಪಸು ಕಳಿಸಿದ. ಹಳದಿ ಒಡಲು, ಕೆಂಪಂಚು. ಅವುಗಳ ಜೊತೆಯೇ ನೇಯ್ದ ಒಂದು ಸೀರೆ ಒಯ್ದ ಹೆಣ್ಣುಮಗಳು ಮೊದಲ ಒಗೆತಕ್ಕೇ ಅಂಚಿನ ಕೆಂಪು ಒಡಲಿಗೆ ಇಳಿಯಿತೆಂದು ಅಂಗಡಿಗೆ ಬಂದು ಜಗಳಾಡಿದ್ದಳು. ಮಾವ ಎರಡು ಹೊತ್ತು ಊಟ ಬಿಟ್ಟರು. ನಮ್ಮ ಮಗ್ಗದ ಬಣ್ಣ ಪಕ್ಕಾ ಎಂದು ಮೂವತ್ತು ವರ್ಷ ಎದೆ ತಟ್ಟಿ ಹೇಳಿದ ಮನುಷ್ಯ ಅವರು.

ನೇಕಾರರ ಮನೆಗಳಲ್ಲಿ ಬಣ್ಣ ಬಿಡುವ ಸೀರೆಗೆ ಒಂದೇ ಔಷಧ, ಉಪ್ಪುನೀರು. ಅತ್ತೆ ಸೀರೆಗಳನ್ನು ಎರಡು ಸಲ ಬಕೆಟ್ಟಿನಲ್ಲಿ ನೆನೆಹಾಕಿದಳು. ಎರಡೂ ಸಲ ನೀರು ಕೆಂಪಗಾಯಿತು. ಮೂರನೆಯ ದಿನ ಊಟಕ್ಕೆ ಬಡಿಸುತ್ತಾ, ನೆಲ ನೋಡುತ್ತಾ ಹೇಳಿದಳು: "ಬಕೀಟಿನ ನೀರು ನಿಂತ ನೀರ್ರಿ. ಇದಕ್ಕ ಸಮುದ್ರದ ನೀರ ಆಗಬೇಕು. ಶಾಂತಾನ ಮನಿಯಿಂದ ಹತ್ರನ ಐತಂತ."

ಮಾವ ತುತ್ತು ನಿಲ್ಲಿಸಿ ನನ್ನ ಕಡೆ ತಿರುಗಿದರು. "ನೀ ಸೈನ್ಸ್ ಓದಾಕಿ. ಖರೇ ಏನವಾ ಇದು?"

ನಾನು ಆಗ ಬಿ.ಎಸ್ಸಿ. ಎರಡನೆಯ ವರ್ಷ. ಉಪ್ಪಿನ ಬಗ್ಗೆ ನನಗೆ ಗೊತ್ತಿದ್ದದ್ದು ಅದರ ರಾಸಾಯನಿಕ ಹೆಸರೊಂದೇ. ಆದರೆ ಇಷ್ಟು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ವಿದ್ಯೆಯನ್ನು ಕೇಳಿದ್ದರು, ಸುಮ್ಮನಿರಲು ಆದೀತೇ? ಸೋಡಿಯಂ ಎಂದೆ, ಕ್ಲೋರೈಡ್ ಎಂದೆ, ತೆರೆಯ ಒತ್ತಡಕ್ಕೆ ಬಣ್ಣ ಎಳೆಯೊಳಗೆ ಗಟ್ಟಿಯಾಗಿ ಕೂರುತ್ತದೆ ಎಂದೆ. ಪರೀಕ್ಷೆಯಲ್ಲಿ ಬರೆದಿದ್ದರೆ ಸೊನ್ನೆ ಬರುತ್ತಿತ್ತು. ಮಾವ ಮಾತ್ರ ಗಂಭೀರವಾಗಿ ತಲೆಯಾಡಿಸಿದರು. ಆರು ಸೀರೆಗಳನ್ನು ನಮ್ಮಿಬ್ಬರ ಕೈಗೆ ಕೊಟ್ಟು ಕಳಿಸುವ ಧೈರ್ಯ ಅವರಿಗಿಲ್ಲ. ಅಮಾವಾಸ್ಯೆಯ ದಿನ ತಾವೇ ಬರುವುದಾಗಿ, ಅದೇ ಸಂಜೆಯ ಗಾಡಿಗೆ ತಿರುಗಿ ಹೊರಡುವುದಾಗಿ ಹೇಳಿದರು. ಮರುದಿನ ಮಗ್ಗ ನಡೆಯಬೇಕಲ್ಲ.

ಅಲ್ಲಿಂದ ಒಂದು ವಾರ ಅತ್ತೆಯ ಬೆರಳುಗಳು ಕೆಂಪಗಿದ್ದವು. ಕೇಳಿದರೆ ಬ್ಯಾಡಗಿ ಮೆಣಸಿನಕಾಯಿ ಕುಟ್ಟಿದೆ ಎಂದಳು. ಮಾವನೂ ನೋಡಿದರು, ಏನೂ ಕೇಳಲಿಲ್ಲ. ನಾನಂತೂ ನಂಬಿದೆ, ಓದಿದವಳಲ್ಲವೇ.

ಅಮಾವಾಸ್ಯೆಯ ದಿನ ಬೆಳಗಿನ ಮೊದಲ ಗಾಡಿ ಬೆಳಗಾವಿ ಬಿಟ್ಟಿತು. ದೇಸೂರ ದಾಟಿದ್ದೇ ತಡ, ಅತ್ತೆ ಕಿಟಕಿಗೆ ಮುಖ ಒತ್ತಿದಳು. ಖಾನಾಪುರ ಸ್ಟೇಶನ್ನಿನಲ್ಲಿ ಅಪ್ಪ ರೊಟ್ಟಿ ಗಂಟು ಹಿಡಿದು ನಿಂತಿದ್ದರು. ಗೋವಾದಲ್ಲಿ ಎಲ್ಲದರೊಳಗೂ ಮೀನಿರುತ್ತದೆ, ನೀರು ಕುಡಿಯುವ ಮೊದಲೂ ನೋಡಿಕೊಳ್ಳಿ ಎಂದು ಎಚ್ಚರಿಸಿ ಗಂಟು ಒಳಗೆ ಕೊಟ್ಟರು. ಗಾಡಿ ಹೊರಟು ನಮ್ಮ ಮನೆಯ ಹಿಂದೆ ಹಾಯುವಾಗ ಅಂಗಳದಲ್ಲಿ ಬಾಡಿಗೆಯವರ ಪುಟ್ಟ ಹುಡುಗಿಯೊಂದು ನಿಂತಿತ್ತು. ಅತ್ತೆ ಕಿಟಕಿಯ ಹೊರಗೆ ಎರಡೂ ಕೈ ಹಾಕಿ ಬೀಸಿದಳು. ಆ ಮಗುವೂ ಬೀಸಿತು. ಲೋಂಡಾ ಬರುವ ತನಕ ಅತ್ತೆ ಕಿಟಕಿ ಬಿಟ್ಟು ಸರಿಯಲಿಲ್ಲ. ನಾನು ಅಷ್ಟರಲ್ಲಿ ನಿದ್ದೆ ಹೋಗಿ ದೂಧಸಾಗರದ ಜಲಪಾತ ತಪ್ಪಿಸಿಕೊಂಡೆ.

ಮಡಗಾವಿಯಲ್ಲಿ ಶಾಂತಾಬಾಯಿಯ ಮನೆಯಲ್ಲಿ ಚಹಾ ಕುಡಿದು ಬಸ್ಸಿನಲ್ಲಿ ಕೋಲ್ವಾಕ್ಕೆ ಹೋದೆವು. ತೆಂಗಿನ ಮರಗಳು ಮುಗಿದವು, ಬಿಳಿ ಮರಳು ಬಂತು, ಆಮೇಲೆ ಎದುರಿಗೆ ಏನೂ ಇರಲಿಲ್ಲ, ಬರೀ ಸಮುದ್ರ. ಅತ್ತೆ ಕಾಲಲ್ಲಿದ್ದ ಚಪ್ಪಲಿ ಕೈಗೆ ತೆಗೆದುಕೊಂಡು ನಿಂತಳು. ಗುಡಿಯ ಹೊರಗೆ ಬಿಡುವಂತೆ ಅವನ್ನು ಒಂದು ಕಡೆ ಜೋಡಿಸಿಟ್ಟಳು. "ಇದು ಎಲ್ಲಿ ಮುಗೀತೈತಿ?" ಎಂದು ನನ್ನನ್ನು ಕೇಳಿದಳು. ಭೂಗೋಳ ನನ್ನ ವಿಷಯವಲ್ಲ ಎಂದೆ.

ಮೊದಲು ಕೆಲಸ, ಎಂದು ಮಾವ ಧೋತರ ಮೇಲೆ ಕಟ್ಟಿದರು. ನಾವು ಮೂವರೂ ಒಂದೊಂದೇ ಸೀರೆಯ ತುದಿ ಹಿಡಿದು ತೆರೆಗೆ ಒಡ್ಡಿದೆವು. ತೆರೆ ಬಂದು ಎಳೆಯುವುದು, ನಾವು ಈ ಕಡೆ ಎಳೆಯುವುದು. ಒಂದು ಸೀರೆಯ ಜೊತೆ ಅತ್ತೆಯೂ ಎರಡು ಮಾರು ಜಾರಿ ಹೋಗಿ, ಕುಳಿತಲ್ಲೇ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಮೀನುಗಾರ ಹೆಂಗಸರು ಬುಟ್ಟಿ ಇಳಿಸಿ, ಇವರು ಏನು ಹಿಡಿಯುತ್ತಿದ್ದಾರೆಂದು ನೋಡುತ್ತಾ ನಿಂತರು. ಅಂಚಿನ ಬಳಿ ನೀರು ಕೆಂಪಾಗುತ್ತಿದೆ ಎಂದು ನಾನು ಮಾವನಿಗೆ ಬೆರಳು ಮಾಡಿ ತೋರಿಸಿದೆ. ನನಗೆ ಖಂಡಿತ ಕಂಡಿತ್ತು, ಆಣೆಗೂ.

ಸೀರೆಗಳನ್ನು ಮರಳ ಮೇಲೆ ಹರವಿ ಮಾವ ಕಾವಲಿಗೆ ಕುಳಿತರು. ಅಲ್ಲೇ ದೋಣಿಯ ನೆರಳಲ್ಲಿ ಮುದುಕನೊಬ್ಬ ಬಲೆ ಹೊಲಿಯುತ್ತಿದ್ದ. ಮಾವ ಸರಿಯುತ್ತಾ ಸರಿಯುತ್ತಾ ಅವನ ಹತ್ತಿರ ಹೋದರು. ಇವರದು ಬೆಳಗಾವಿ ಮರಾಠಿ, ಅವನದು ಕೊಂಕಣಿ, ಆದರೂ ದಾರದ ಮಾತು ಇಬ್ಬರಿಗೂ ತಿಳಿಯಿತು. ಮಧ್ಯಾಹ್ನ ತಿರುಗುವ ಹೊತ್ತಿಗೆ ಮಾವ ಬಲೆಯ ಗಂಟು ಹಾಕಲು ಕಲಿತಿದ್ದರು. ಸೈಕಲ್ಲಿನ ಮೇಲೆ ಭೋಂಪು ಒತ್ತುತ್ತಾ ಬಂದ ಪಾವು ಬ್ರೆಡ್ಡಿನವನಿಂದ ಬಿಸಿ ಪಾವು ಕೊಂಡು ನಮ್ಮ ಶೇಂಗಾ ಚಟ್ನಿ ಹಚ್ಚಿ ತಿಂದೆವು. ಮುದುಕನೂ ತಿಂದು, ಖಾರಕ್ಕೆ ಕಣ್ಣೊರೆಸಿಕೊಂಡು, ಮತ್ತೊಂದು ಕೇಳಿದ. ಅಷ್ಟರಲ್ಲಿ ದಂಡೆಯ ಜನ ದೊಡ್ಡ ಬಲೆ ಎಳೆಯಲು ಹಗ್ಗಕ್ಕೆ ಕೈ ಹಾಕಿದರು. ಮೀನು ಮುಟ್ಟದ ನಮ್ಮ ಮಾವ ಎದ್ದು ಹೋಗಿ, ಸಾಲಿನಲ್ಲಿ ನಿಂತು, ಹೋ ಎನ್ನುತ್ತಾ ಎಳೆದರು. ಅತ್ತೆ ಮೊಣಕಾಲುದ್ದ ನೀರಿನಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು.

ಬಿಸಿಲು ಇಳಿಯಿತು. ಗಾಡಿ ಹಿಡಿಯಲು ಹೊರಡುವ ಹೊತ್ತು. ಮಾವ ಒಂದು ಸೀರೆಯ ಅಂಚನ್ನು ನೀರಿನಲ್ಲಿ ಅದ್ದಿ ತಂದು ತಮ್ಮ ಬಿಳಿ ಧೋತರದ ತುದಿಯ ಚುಂಗಿಗೆ ಒತ್ತಿ ಹಿಡಿದರು. ಬಣ್ಣ ಬಿಡುತ್ತದೋ ಇಲ್ಲವೋ ನೋಡುವ ನೇಕಾರರ ರೀತಿ ಅದು. ಅತ್ತೆ ನೋಡಲಿಲ್ಲ. ಸಮುದ್ರಕ್ಕೆ ಮುಖ ಮಾಡಿ, ಮೊಣಕಾಲು ತಬ್ಬಿ ಕುಳಿತಿದ್ದಳು, ಕಣ್ತುಂಬ ನೋಡಿಕೊಳ್ಳುವುದಿದ್ದರೆ ಈಗಲೇ ಎನ್ನುವ ಹಾಗೆ. ನಾನು ಬಗ್ಗಿ ನೋಡಿದೆ. ಧೋತರ ಬೆಳ್ಳಗೆ ಹಾಲಿನ ಹಾಗಿತ್ತು, ಕೆಂಪಿನ ಸುಳಿವೇ ಇಲ್ಲ.

ಮಾವ ಆ ಚುಂಗನ್ನು ನೋಡಿದರು. ಅತ್ತೆಯ ಬೆನ್ನು ನೋಡಿದರು. ಚುಂಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದರು.

"ಇನ್ನೂ ಬಿಡಾಕತ್ತೈತಿ," ಎಂದರು. "ನಾಳಿಗೊಮ್ಮಿ ಅದ್ದಬೇಕು."

"ಇಲ್ಲ ಮಾಮಾ, ಬೆಳ್ಳಗ..." ಎಂದು ನಾನು ಬಾಯಿ ತೆಗೆದೆ.

"ನಿನ್ನ ಸೈನ್ಸ್ ಸಾಕು, ಸುಮ್ನ ಕುಂದರು."

ಮೂವತ್ತು ವರ್ಷದಲ್ಲಿ ಮೊದಲ ಸಲ ಅಮಾವಾಸ್ಯೆಯ ಮರುದಿನವೂ ಆ ಮಗ್ಗ ನಿಂತಿತು. ನಾವು ಶಾಂತಾಬಾಯಿಯ ಮನೆಯಲ್ಲಿ ಉಳಿದೆವು. ಬೆಳಗಾದರೆ ಮತ್ತೆ ಕೋಲ್ವಾ, ಮತ್ತೆ ಆರು ಸೀರೆ. ಈ ಸಲ ಮಾವ ಧೋತರಕ್ಕೆ ಒತ್ತಿ ನೋಡುವ ಗೋಜಿಗೂ ಹೋಗಲಿಲ್ಲ. ಅತ್ತೆಯ ಕೈ ಹಿಡಿದು, ಎದೆಮಟ್ಟದ ನೀರಿನ ತನಕ ಕರೆದುಕೊಂಡು ಹೋದರು.

ತಿರುಗಿ ಬರುವಾಗ, ಗಾಡಿಯಲ್ಲಿ, ಮಾವ ಕಿಟಕಿಯ ಹೊರಗೆ ನೋಡುತ್ತಾ ಕೇಳಿದರು: "ಮೆಣಸಿನಕಾಯಿ ಎಷ್ಟ ಸೇರು ಕುಟ್ಟಿದ್ದಿ?"

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಮಾತ್ರ ಕುಲುಕುತ್ತಿತ್ತು. ಆಗಷ್ಟೇ ನನ್ನ ವಿಜ್ಞಾನಕ್ಕೆ ಬೆಳಕು ಹರಿಯಿತು, ಆ ಬೆರಳುಗಳ ಕೆಂಪು ಸೀರೆಯದು. ನಾನು ಕಾಲೇಜಿಗೆ, ಮಾವ ನೂಲು ತರಲು ಹೋದ ಹೊತ್ತು ನೋಡಿ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ತಿಕ್ಕುತ್ತಾರಲ್ಲ, ಆ ತುರಟಿ, ಅಂದರೆ ಪಟಿಕ, ಕರಗಿಸಿದ ನೀರಿನಲ್ಲಿ ಅವಳು ಆರೂ ಸೀರೆಗಳನ್ನು ಮನೆಯಲ್ಲೇ ಗಟ್ಟಿ ಮಾಡಿ ಮುಗಿಸಿದ್ದಳು. ಸಮುದ್ರಕ್ಕೆ ಹೊರಡುವ ಮೊದಲೇ ಗಂಡನ ಮಾನ ಉಳಿಸಿ, ಆಮೇಲೆ ತನ್ನ ಆಸೆಗೆ ಗಾಡಿ ಹತ್ತಿದ್ದಳು. ಮುಂದೆ ಪ್ರತಿ ವರ್ಷ ಚಳಿಗಾಲ ಬಂತೆಂದರೆ ವಡಗಾವಿಯ ಆ ಮಗ್ಗದ ಯಾವುದಾದರೂ ಒಂದು ಸೀರೆ ತಪ್ಪದೆ ಬಣ್ಣ ಬಿಡತೊಡಗಿತು. ಕಂಡುಹಿಡಿಯುತ್ತಿದ್ದವರು ಮಾವನೇ.

ಇಬ್ಬರೂ ಈಗಿಲ್ಲ. ಈ ಕಥೆಯನ್ನು ನಮ್ಮವರಿಗೆ ನಾನು ನೂರು ಸಲವಾದರೂ ಹೇಳಿದ್ದೇನೆ, ಅವರು ಪೇಪರಿನ ಹಿಂದಿನಿಂದ ಹೂಂ ಎಂದಿದ್ದಾರೆ. ಆ ದಿನ ಬಚ್ಚಲಲ್ಲಿ ಸೀರೆ ಹಿಂಡುತ್ತಾ ನಿಂತಾಗ, ಇಷ್ಟು ವರ್ಷ ಬರೀ ಕಥೆ ಹೇಳುತ್ತಾ ಕುಳಿತೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಬಕೆಟ್ಟಿನ ನೀರು ತಿಳಿಯಾಗಿತ್ತು, ತಳ ಕಾಣುತ್ತಿತ್ತು. ಹಾಗೆಯೇ ಎತ್ತಿ ಕಟ್ಟೆಗೆ ಒಯ್ದು ಗುಲಾಬಿ ಬನಿಯನ್ನಿನವರ ಮುಂದೆ ಇಟ್ಟೆ.

"ಇನ್ನೂ ಬಿಡಾಕತ್ತೈತಿ ನೋಡ್ರಿ," ಎಂದೆ.

ಅವರು ಪೇಪರ್ ಇಳಿಸಿದರು. ಬಗ್ಗಿ ಬಕೆಟ್ಟಿನೊಳಗೆ ನೋಡಿದರು, ತಳದ ತನಕ. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೊಮ್ಮೆ ನೋಡಿದರು.

"ಹೌದಲಾ," ಎಂದರು. "ಎಷ್ಟ ದಿವಸ ಅದ್ದಬೇಕಾಗ್ತೈತಿ?"